ಇನ್ವೆಸ್ಟ್‌ಮೆಂಟ್ ಬ್ಯಾಂಕಲ್ಲಿ ಕೆಲಸ ಸಿಕ್ಕಿತು ಸರಿ, ಯಾವ ಆಫೀಸಲ್ಲಿ?

ನಮ್ಮ ಕರಾವಳಿಯವರಿಗೆ ಬ್ಯಾಂಕ್ ಅಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದ ಸಂಸ್ಥೆ, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಮನೆಗೊಬ್ಬ ಮಾವನೋ ಚಿಕ್ಕಮ್ಮನೋ ಬ್ಯಾಂಕಿನಲ್ಲಿ ಇದ್ದೇ ಇರುತ್ತಾರೆ. ಹಾಗಾಗಿ ಬಿಕಾಂ ಮುಗಿಸಿದ ಮಗಳು "ಬೆಂಗಳೂರಲ್ಲಿ ಇನ್ವೆಸ್ಟ್‌ಮೆಂಟ್ ಬ್ಯಾಂಕಲ್ಲಿ ಕೆಲಸ ಆಯ್ತು" ಅಂದರೆ ಮನೆಯವರು ಮೊದಲು ಕೇಳುವುದು, "ಯಾವ ಬ್ರಾಂಚಂತೆ?"

ಬ್ರಾಂಚ್ ಇಲ್ಲ. ಕೇಳಬೇಕಾದ್ದು "ಯಾವ ಆಫೀಸಂತೆ?" ಅಂತ. ಇನ್ವೆಸ್ಟ್‌ಮೆಂಟ್ ಬ್ಯಾಂಕಿನ ಒಳಗೆ ಮೂರು ಭಾಗ ಉಂಟು: ಫ್ರಂಟ್ ಆಫೀಸ್, ಮಿಡಲ್ ಆಫೀಸ್, ಬ್ಯಾಕ್ ಆಫೀಸ್. ಗೇಟಿನ ಮೇಲಿನ ಬೋರ್ಡು ಒಂದೇ. ಆದರೆ ಕೆಲಸ, ಸಂಬಳ, ಹೊತ್ತು, ಮುಂದಿನ ದಾರಿ ಎಲ್ಲವೂ ಬೇರೆ. ಆಫರ್ ಲೆಟರ್‌ಗೆ ಸಹಿ ಹಾಕುವ ಮುಂಚೆ ನಿಮ್ಮದು ಯಾವುದು ಎಂದು ಗುರುತಿಸುವುದು ಹೇಗೆ ಅಂತ ನೋಡೋಣ.

ಹಂತ 1: ಕೌಂಟರ್ ಇರುವ ಬ್ಯಾಂಕನ್ನು ತಲೆಯಿಂದ ತೆಗೆಯಿರಿ

ನಮಗೆ ಗೊತ್ತಿರುವ ಬ್ಯಾಂಕ್ ಜನರಿಂದ ಠೇವಣಿ ತೆಗೆದುಕೊಂಡು ಸಾಲ ಕೊಡುತ್ತದೆ. ಇನ್ವೆಸ್ಟ್‌ಮೆಂಟ್ ಬ್ಯಾಂಕಿನ ಮೂಲ ಕಸುಬು ಅದಲ್ಲ. ಕಂಪನಿಗಳಿಗೆ ಶೇರು, ಬಾಂಡ್ ಮೂಲಕ ಬಂಡವಾಳ ಎತ್ತಿಕೊಡುವುದು, ಒಂದು ಕಂಪನಿ ಇನ್ನೊಂದನ್ನು ಕೊಳ್ಳುವಾಗ ಸಲಹೆ ಕೊಡುವುದು, ದೊಡ್ಡ ಫಂಡುಗಳ ಪರವಾಗಿ ಶೇರು, ಬಾಂಡ್, ಕರೆನ್ಸಿ ವ್ಯವಹಾರ ಮಾಡುವುದು, ಇವು ಅದರ ಕೆಲಸ.

ಅಮೆರಿಕದಲ್ಲಿ 1933ರ ಒಂದು ಕಾನೂನು ಈ ಎರಡು ಬಗೆಯ ಬ್ಯಾಂಕುಗಳನ್ನು ಬೇರೆಬೇರೆ ಇಟ್ಟಿತ್ತು. 1999ರಲ್ಲಿ ಆ ಗೋಡೆ ತೆಗೆದರು. 2008ರ ಸೆಪ್ಟೆಂಬರ್‌ನಲ್ಲಿ ಲೇಮನ್ ಬ್ರದರ್ಸ್ ಮುಳುಗಿದ ಮೇಲೆ ಗೋಲ್ಡ್‌ಮನ್ ಸ್ಯಾಕ್ಸ್ ಮತ್ತು ಮಾರ್ಗನ್ ಸ್ಟಾನ್ಲಿ ಕೂಡ ಬ್ಯಾಂಕ್ ಹೋಲ್ಡಿಂಗ್ ಕಂಪನಿಗಳಾದವು, ಅಂದರೆ ಮಾಮೂಲಿ ಬ್ಯಾಂಕಿನ ಒಡೆತನ ಇರಬಹುದಾದ ಕಂಪನಿಗಳು. ಇವತ್ತು ದೊಡ್ಡ ಗುಂಪುಗಳ ಒಳಗೆ ಎರಡೂ ಬಗೆಯ ಕೆಲಸ ನಡೆಯುತ್ತದೆ. ಹಾಗಾಗಿ "ಜೆಪಿ ಮಾರ್ಗನ್‌ನಲ್ಲಿ ಕೆಲಸ" ಅಂದರೆ ಕ್ರೆಡಿಟ್ ಕಾರ್ಡ್ ವಿಭಾಗವೂ ಆಗಬಹುದು, ಕಂಪನಿ ವಿಲೀನದ ತಂಡವೂ ಆಗಬಹುದು. ಹೆಸರಿನಿಂದ ಏನೂ ಗೊತ್ತಾಗುವುದಿಲ್ಲ.

ಹಂತ 2: ಒಂದು ವ್ಯವಹಾರದ ಬೆನ್ನು ಹಿಡಿಯಿರಿ

ಮೂರು ಆಫೀಸುಗಳ ವ್ಯಾಖ್ಯೆ ಬಾಯಿಪಾಠ ಮಾಡುವುದಕ್ಕಿಂತ ಒಂದು ವ್ಯವಹಾರ ಎಲ್ಲೆಲ್ಲಿ ಹೋಗುತ್ತದೆ ಅಂತ ನೋಡಿದರೆ ಬೇಗ ತಲೆಗೆ ಹತ್ತುತ್ತದೆ. ಬೈಕಂಪಾಡಿಯಲ್ಲಿ ಒಂದು ಗೋಡಂಬಿ ಕಾರ್ಖಾನೆ ಇದೆ ಅಂದುಕೊಳ್ಳಿ. ಸುಮ್ನೆ ಕಲ್ಪನೆ, ಯಾರನ್ನೂ ಹುಡುಕಬೇಡಿ. ಆಫ್ರಿಕಾದಿಂದ ಕಚ್ಚಾ ಗೋಡಂಬಿ ತರಿಸುತ್ತಾರೆ, ಸಂಸ್ಕರಿಸಿ ಮಾರುತ್ತಾರೆ. ಮಾಲೀಕರಿಗೆ ಈಗ ಇನ್ನೆರಡು ಘಟಕ ಹಾಕಬೇಕು. ಐಪಿಒ ಮಾಡಿ, ಅಂದರೆ ಮೊದಲ ಸಲ ಜನರಿಗೆ ಶೇರು ಮಾರಿ, ಶೇರುಪೇಟೆಗೆ ಹೋಗುವ ಯೋಚನೆ.

ಮೊದಲು ಅವರ ಬಾಗಿಲಿಗೆ ಬರುವವರು ಇನ್ವೆಸ್ಟ್‌ಮೆಂಟ್ ಬ್ಯಾಂಕರುಗಳು. ಭಾರತದಲ್ಲಿ ಈ ಕೆಲಸಕ್ಕೆ ಶೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯಲ್ಲಿ ಮರ್ಚೆಂಟ್ ಬ್ಯಾಂಕರ್ ಎಂದು ನೋಂದಣಿ ಆಗಿರಬೇಕು. ಇವರು ಕಂಪನಿಯ ಲೆಕ್ಕ, ಕೋರ್ಟ್ ಕೇಸು, ಜಾಗದ ದಾಖಲೆ ಎಲ್ಲ ಜಾಲಾಡುತ್ತಾರೆ. ವಕೀಲರನ್ನು ಕೂರಿಸಿಕೊಂಡು ಡಿಆರ್‌ಎಚ್‌ಪಿ ಎಂಬ ದಪ್ಪ ಕರಡು ದಾಖಲೆ ತಯಾರಿಸಿ ಸೆಬಿಗೆ ಕೊಡುತ್ತಾರೆ. ಕಂಪನಿಗೆ ಎಷ್ಟು ಬೆಲೆ ಕಟ್ಟಬಹುದು ಅಂತ ಲೆಕ್ಕ ಹಾಕುತ್ತಾರೆ. ಮುಂಬೈ, ಸಿಂಗಾಪುರ, ಲಂಡನ್‌ನ ದೊಡ್ಡ ಫಂಡುಗಳ ಮುಂದೆ ಮಾಲೀಕರನ್ನು ಕರೆದುಕೊಂಡು ಹೋಗಿ ಮಾತಾಡಿಸುತ್ತಾರೆ. ಅದಕ್ಕೆ ರೋಡ್‌ಶೋ ಅನ್ನುತ್ತಾರೆ. ಇದೆಲ್ಲ ಫ್ರಂಟ್ ಆಫೀಸ್. ಬ್ಯಾಂಕಿಗೆ ಫೀಸು ಬರುವುದು ಇಲ್ಲಿಂದ.

ಈ ತಂಡದ ಒಳಗೂ ಪಾಲು ಉಂಟು. ಆಹಾರ, ಔಷಧ, ಐಟಿ ಹೀಗೆ ಒಂದೊಂದು ಉದ್ಯಮದ ಗ್ರಾಹಕರನ್ನು ನೋಡಿಕೊಳ್ಳುವವರು ಕವರೇಜ್ ತಂಡ. ಶೇರು ಮೂಲಕ ಹಣ ಎತ್ತುವವರು ಈಕ್ವಿಟಿ ಕ್ಯಾಪಿಟಲ್ ಮಾರ್ಕೆಟ್ಸ್, ಬಾಂಡ್ ಮೂಲಕ ಎತ್ತುವವರು ಡೆಟ್ ಕ್ಯಾಪಿಟಲ್ ಮಾರ್ಕೆಟ್ಸ್. ಕೊಳ್ಳುವ, ಮಾರುವ, ವಿಲೀನ ಮಾಡುವ ವ್ಯವಹಾರ ಎಂ ಅಂಡ್ ಎ ತಂಡದ್ದು.

ಐಪಿಒ ಆಯಿತು, ಶೇರು ಪೇಟೆಗೆ ಬಂತು. ಮರುವಾರ ಲಂಡನ್‌ನ ಒಂದು ಫಂಡ್‌ಗೆ ನಮ್ಮ ಗೋಡಂಬಿ ಕಂಪನಿಯ 2 ಲಕ್ಷ ಶೇರು ಬೇಕು. ಅವರು ಬ್ಯಾಂಕಿನ ಸೇಲ್ಸ್ ಡೆಸ್ಕಿಗೆ ಹೇಳುತ್ತಾರೆ. ಸೇಲ್ಸಿನವರು ಟ್ರೇಡರ್‌ಗೆ ದಾಟಿಸುತ್ತಾರೆ. ಒಂದೇ ಏಟಿಗೆ 2 ಲಕ್ಷ ಕೊಳ್ಳಲು ಹೋದರೆ ಬೆಲೆ ಮೇಲೆ ಹೋಗುತ್ತದೆ. ಅದಕ್ಕೆ ಟ್ರೇಡರ್ ಅದನ್ನು ಸಣ್ಣ ಸಣ್ಣ ತುಂಡು ಮಾಡಿ ದಿನವಿಡೀ ಕೊಳ್ಳುತ್ತಾನೆ. ಈಗ ಹೆಚ್ಚಿನ ಪಾಲು ಕಂಪ್ಯೂಟರ್ ಪ್ರೋಗ್ರಾಮೇ ಮಾಡುತ್ತದೆ. ಸೇಲ್ಸ್, ಟ್ರೇಡಿಂಗ್ ಎರಡೂ ಫ್ರಂಟ್ ಆಫೀಸೇ. ಕಂಪನಿಯ ಬಗ್ಗೆ ವರದಿ ಬರೆಯುವ ರಿಸರ್ಚ್ ವಿಭಾಗವನ್ನೂ ಇಲ್ಲಿಗೇ ಸೇರಿಸುತ್ತಾರೆ.

ಆದರೆ ಐಪಿಒ ಮಾಡಿಸಿದ ಬ್ಯಾಂಕರ್ ಹೋಗಿ ಟ್ರೇಡರ್ ಹತ್ತಿರ "ಈ ಕಂಪನಿಯ ಮುಂದಿನ ತಿಂಗಳ ಲೆಕ್ಕ ಚೆನ್ನಾಗಿಲ್ಲ ಮಾರಾಯ" ಅನ್ನುವ ಹಾಗಿಲ್ಲ. ಹೊರಗೆ ಬಾರದ ಮಾಹಿತಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸೋರಿದರೆ ಅದು ಇನ್‌ಸೈಡರ್ ಟ್ರೇಡಿಂಗ್‌ನ ದಾರಿ. ಅದಕ್ಕೆ ಫ್ರಂಟ್ ಆಫೀಸಿನ ಒಳಗೇ ಬಾಗಿಲು, ಕಂಪ್ಯೂಟರ್ ಫೋಲ್ಡರ್, ಎಲ್ಲವೂ ಬೇರೆ ಬೇರೆ. ಟ್ರೇಡರುಗಳ ಫೋನ್ ಕರೆ ರೆಕಾರ್ಡ್ ಆಗುತ್ತದೆ. ಅದೇ ಕಾರಣಕ್ಕೆ ನೌಕರರು ತಮ್ಮ ಸ್ವಂತ ಡಿಮ್ಯಾಟ್ ಖಾತೆಯ ಬಗ್ಗೆಯೂ ಬ್ಯಾಂಕಿಗೆ ಹೇಳಬೇಕಾಗುತ್ತದೆ. ಶೇರು ವ್ಯವಹಾರದ ಹವ್ಯಾಸ ಇರುವವರು ಇದನ್ನು ಮುಂಚೆಯೇ ತಿಳಿದಿರಲಿ. ಅನುಮತಿ ಇಲ್ಲದೆ ಕೊಂಡು ಕೆಲಸ ಕಳೆದುಕೊಳ್ಳುವ ಅಪಾಯ ಉಂಟು.

ಹಂತ 3: ಟ್ರೇಡರ್‌ಗೆ "ಬೇಡ" ಎನ್ನುವವರು ಯಾರು ಅಂತ ಹುಡುಕಿ

ಅವರೇ ಮಿಡಲ್ ಆಫೀಸ್. ಹಣ ತರುವುದು ಇವರ ಕೆಲಸವಲ್ಲ. ಹಣ ತರುವವರ ಮೇಲೆ ಕಣ್ಣಿಡುವುದು ಇವರ ಕೆಲಸ.

ಇಲ್ಲಿ ರಿಸ್ಕ್ ವಿಭಾಗ ಇದೆ. ಪೇಟೆ ಬಿದ್ದರೆ ಎಷ್ಟು ನಷ್ಟ ಎಂದು ನೋಡುವವರು ಮಾರ್ಕೆಟ್ ರಿಸ್ಕ್. ಎದುರು ಪಾರ್ಟಿ ಹಣ ಕೊಡದಿದ್ದರೆ ಏನು ಗತಿ ಎಂದು ನೋಡುವವರು ಕ್ರೆಡಿಟ್ ರಿಸ್ಕ್. ಇವರು ದಿನಾ ಬಳಸುವ ಒಂದು ಅಳತೆ ವ್ಯಾಲ್ಯೂ ಅಟ್ ರಿಸ್ಕ್. "ನೂರು ದಿನದಲ್ಲಿ ತೊಂಬತ್ತೊಂಬತ್ತು ದಿನ ನಷ್ಟ ಇದಕ್ಕಿಂತ ಜಾಸ್ತಿ ಆಗಲಾರದು" ಅನ್ನುವ ಬಗೆಯ ಲೆಕ್ಕ ಅದು. ಉಳಿದ ಆ ಒಂದು ದಿನ ಎಷ್ಟು ಹೋಗುತ್ತದೆ ಅಂತ ಅದು ಹೇಳುವುದಿಲ್ಲ. ಸಂದರ್ಶನದಲ್ಲಿ ಇದನ್ನು ಕೇಳುವವರು ಇದ್ದಾರೆ.

ಪ್ರಾಡಕ್ಟ್ ಕಂಟ್ರೋಲ್ ಅಂತ ಇನ್ನೊಂದು ವಿಭಾಗ. ಟ್ರೇಡರ್ "ಇವತ್ತು ನನಗೆ ಇಷ್ಟು ಲಾಭ" ಅಂದರೆ ಅದನ್ನು ಹಾಗೇ ನಂಬುವಂತಿಲ್ಲ. ಆ ಲಾಭ ಬೆಲೆ ಏರಿದ್ದರಿಂದ ಬಂತೋ, ಡಾಲರ್ ದರದಿಂದ ಬಂತೋ, ಹೊಸ ವ್ಯವಹಾರದಿಂದ ಬಂತೋ ಅಂತ ಬಿಡಿಸಿ ನೋಡುವುದು ಇವರ ಕೆಲಸ. ಟ್ರೇಡರ್ ಹಾಕಿದ ಬೆಲೆ ಸರಿಯೇ ಅಂತ ಬೇರೆ ಮೂಲದಿಂದ ತಾಳೆ ನೋಡುತ್ತಾರೆ. ಸಿಎ, ಸಿಎಂಎ ಮಾಡಿದವರಿಗೆ, ಎಂಕಾಂನವರಿಗೆ ಬೆಂಗಳೂರಿನಲ್ಲಿ ಇದು ಒಳ್ಳೆಯ ಜಾಗ. ಲೆಕ್ಕವೂ ಬೇಕು, ಪೇಟೆಯೂ ಗೊತ್ತಿರಬೇಕು. ಟ್ರೇಡರ್ ಸಿಟ್ಟು ಮಾಡಿದರೆ ತಡೆದುಕೊಳ್ಳುವ ಗಟ್ಟಿತನವೂ ಬೇಕು. ನಿಯಮ ಪಾಲನೆ ನೋಡುವ ಕಂಪ್ಲಯನ್ಸ್ ಕೂಡ ಸಾಮಾನ್ಯವಾಗಿ ಈ ಸಾಲಿನಲ್ಲೇ ಬರುತ್ತದೆ.

ಇಷ್ಟೆಲ್ಲ ಬೇರೆ ಬೇರೆ ಇಡುವುದು ಏಕೆ? ಬೇರಿಂಗ್ಸ್ ಕಥೆ ಓದಿದರೆ ಸಾಕು. 1762ರಲ್ಲಿ ಶುರುವಾದ ಲಂಡನ್‌ನ ಬ್ಯಾಂಕ್ ಅದು. 1990ರ ದಶಕದಲ್ಲಿ ಅದರ ಸಿಂಗಾಪುರ ಆಫೀಸಿನಲ್ಲಿ ನಿಕ್ ಲೀಸನ್ ಎಂಬ ಯುವಕ ಟ್ರೇಡಿಂಗ್ ಕೂಡ ನೋಡಿಕೊಳ್ಳುತ್ತಿದ್ದ, ಆ ವ್ಯವಹಾರಗಳ ಸೆಟಲ್‌ಮೆಂಟ್, ಅಂದರೆ ಕೊಡುವ ತೆಗೆದುಕೊಳ್ಳುವ ಲೆಕ್ಕ ಮುಗಿಸುವ ಬ್ಯಾಕ್ ಆಫೀಸ್ ಕೆಲಸ ಕೂಡ ನೋಡಿಕೊಳ್ಳುತ್ತಿದ್ದ. ಅಂದರೆ ಫ್ರಂಟೂ ಅವನೇ, ಬ್ಯಾಕೂ ಅವನೇ. ಆದ ನಷ್ಟವನ್ನೆಲ್ಲ 88888 ಎಂಬ ಖಾತೆಯಲ್ಲಿ ಬಚ್ಚಿಟ್ಟ. ಈ ಎರಡು ಕೆಲಸ ಒಬ್ಬನ ಕೈಯಲ್ಲಿ ಇರಬಾರದು ಅಂತ 1994ರಲ್ಲಿ ಬ್ಯಾಂಕಿನ ಆಂತರಿಕ ಆಡಿಟ್ ಹೇಳಿತ್ತು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1995ರ ಜನವರಿಯಲ್ಲಿ ಜಪಾನಿನ ಕೋಬೆಯಲ್ಲಿ ಭೂಕಂಪ ಆಗಿ ಅಲ್ಲಿನ ಪೇಟೆ ಕುಸಿಯಿತು. ನಷ್ಟ ಕೈಮೀರಿತು. ಒಟ್ಟು ಸುಮಾರು 827 ಮಿಲಿಯನ್ ಪೌಂಡ್. ಬ್ಯಾಂಕನ್ನು ಡಚ್ ಸಂಸ್ಥೆ ಐಎನ್‌ಜಿ ಬರೀ ಒಂದು ಪೌಂಡ್‌ಗೆ ಕೊಂಡಿತು.

2008ರಲ್ಲಿ ಫ್ರಾನ್ಸಿನ ಸೊಸಿಯೆಟೆ ಜನರಾಲ್ ಬ್ಯಾಂಕಿನಲ್ಲಿ ಜೆರೋಮ್ ಕೆರ್ವಿಯೆಲ್ ಪ್ರಕರಣ. ನಷ್ಟ 4.9 ಬಿಲಿಯನ್ ಯೂರೊ. ಇಲ್ಲಿ ಆಫೀಸುಗಳು ಬೇರೆ ಬೇರೆ ಇದ್ದವು. ಆದರೆ ಟ್ರೇಡರ್ ಆಗುವ ಮುಂಚೆ ಅವನು ಮಿಡಲ್ ಆಫೀಸಿನಲ್ಲೇ ಕೆಲಸ ಮಾಡಿದ್ದ. ಯಾವ ತಪಾಸಣೆ ಯಾವಾಗ ಆಗುತ್ತದೆ ಅಂತ ಚೆನ್ನಾಗಿ ಗೊತ್ತಿತ್ತು. ಗೋಡೆ ಕಟ್ಟಿದರೆ ಸಾಲದು, ಗೋಡೆಯ ತೂತು ಗೊತ್ತಿರುವವನ ಮೇಲೂ ಕಣ್ಣಿರಬೇಕು ಅನ್ನುವುದನ್ನು ಬ್ಯಾಂಕುಗಳು ಕಲಿತದ್ದು ಇಲ್ಲಿಂದ.

ನಮ್ಮ ದೇಶದ ಮಾಮೂಲಿ ಬ್ಯಾಂಕುಗಳ ಟ್ರೆಶರಿಯಲ್ಲೂ (ಬಾಂಡ್, ಕರೆನ್ಸಿ ವ್ಯವಹಾರ ಮಾಡುವ ವಿಭಾಗ) ವ್ಯವಹಾರ ಮಾಡುವವರು, ಸೆಟಲ್ ಮಾಡುವವರು, ಲೆಕ್ಕ ನೋಡುವವರು ಬೇರೆ ಬೇರೆ ಇರಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ನಿಮ್ಮ ಮಾವ ಟ್ರೆಶರಿಯಲ್ಲಿ ಇದ್ದವರಾದರೆ ಒಂದು ಸಂಜೆ ಅವರ ಹತ್ತಿರ ಕೂತು ಮಾತಾಡಿ. ಕೋರ್ಸಿಗಿಂತ ಚೆನ್ನಾಗಿ ವಿವರಿಸುತ್ತಾರೆ.

ಹಂತ 4: ಬ್ಯಾಕ್ ಆಫೀಸನ್ನು ಸರಿಯಾಗಿ ತಿಳಿದುಕೊಳ್ಳಿ, ಏಕೆಂದರೆ ಆಫರ್ ಬರುವುದು ಹೆಚ್ಚಾಗಿ ಇಲ್ಲಿಂದ

ಮಂಗಳೂರು, ಉಡುಪಿ, ಮಣಿಪಾಲದ ಕಾಲೇಜುಗಳಿಂದ ಪದವಿ ಮುಗಿಸಿ ನೇರವಾಗಿ ಹೋಗುವವರಿಗೆ ಸಿಗುವ ಮೊದಲ ಕೆಲಸ ಹೆಚ್ಚಿನ ಸಲ ಇದೇ. ಬ್ಯಾಂಕಿನವರು ಬ್ಯಾಕ್ ಆಫೀಸ್ ಎನ್ನುವುದಿಲ್ಲ, ಆಪರೇಷನ್ಸ್ ಅನ್ನುತ್ತಾರೆ.

ನಮ್ಮ ಗೋಡಂಬಿ ಶೇರಿಗೆ ವಾಪಸ್ ಬರೋಣ. ಟ್ರೇಡರ್ 2 ಲಕ್ಷ ಶೇರು ಕೊಂಡ. ಆದರೆ ಶೇರು ಫಂಡಿನ ಖಾತೆಗೆ ಇನ್ನೂ ಬಂದಿಲ್ಲ, ಹಣವೂ ಹೋಗಿಲ್ಲ. ಭಾರತದಲ್ಲಿ 2023ರ ಜನವರಿ 27ರಿಂದ ಎಲ್ಲ ಶೇರುಗಳಿಗೂ ಟಿ ಪ್ಲಸ್ 1 ಬಂದಿದೆ. ಸೋಮವಾರ ಕೊಂಡರೆ ಮಂಗಳವಾರ ಶೇರು, ಹಣ ಎರಡೂ ಕೈ ಬದಲಾಗಬೇಕು. ಅಮೆರಿಕದಲ್ಲಿ 2024ರ ಮೇ 28ರಿಂದ ಹೀಗಾಯಿತು. ಮೊದಲು ಎರಡು ದಿನ ಸಿಗುತ್ತಿತ್ತು, ಈಗ ಒಂದೇ ದಿನ. ಟ್ರೇಡರ್‌ಗೆ ಇದರಿಂದ ದೊಡ್ಡ ವ್ಯತ್ಯಾಸ ಇಲ್ಲ. ಆಪರೇಷನ್ಸಿನವರ ಸಂಜೆ ಮಾತ್ರ ಬದಲಾಯಿತು.

ಆ ಒಂದು ದಿನದಲ್ಲಿ ಏನೇನು ಆಗಬೇಕು? ಎಷ್ಟು ಶೇರು, ಯಾವ ಬೆಲೆ, ಯಾವ ಖಾತೆ ಅಂತ ಬ್ಯಾಂಕ್ ಮತ್ತು ಫಂಡ್ ಎರಡೂ ಒಪ್ಪಬೇಕು. ಇದು ಕನ್ಫರ್ಮೇಷನ್. ಫಂಡಿನ ಶೇರುಗಳನ್ನು ಇಟ್ಟುಕೊಳ್ಳುವ ಕಸ್ಟೋಡಿಯನ್ ಬ್ಯಾಂಕ್ ಹ್ಞೂಂ ಅನ್ನಬೇಕು. ಕ್ಲಿಯರಿಂಗ್ ಕಾರ್ಪೊರೇಷನ್ ನಡುವೆ ನಿಂತು ಎರಡೂ ಕಡೆಯ ಲೆಕ್ಕ ಮುಗಿಸುತ್ತದೆ. ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಡಿಪಾಸಿಟರಿಯಲ್ಲಿ ಶೇರು ಖಾತೆಯಿಂದ ಖಾತೆಗೆ ಹೋಗುತ್ತದೆ. ಮಾರಿದವನು ಶೇರು ಕೊಡದೆ ಹೋದರೆ ಎಕ್ಸ್‌ಚೇಂಜಿನಲ್ಲಿ ಹರಾಜು ನಡೆದು ಬೇರೆಯವರಿಂದ ತರಿಸುತ್ತಾರೆ. ದಂಡದ ಹೊರೆ ತಪ್ಪಿದವನ ಮೇಲೆ.

ಮರುದಿನ ಬೆಳಿಗ್ಗೆ ರೆಕನ್ಸಿಲಿಯೇಷನ್. ಎಲ್ಲರೂ ರೆಕಾನ್ ಅನ್ನುತ್ತಾರೆ. ನಮ್ಮ ಪುಸ್ತಕದಲ್ಲಿ 2 ಲಕ್ಷ ಶೇರು, ಕಸ್ಟೋಡಿಯನ್ ಕಳಿಸಿದ ಪಟ್ಟಿಯಲ್ಲಿ 20,000. ಎಲ್ಲೋ ಒಂದು ಸೊನ್ನೆ ಬಿದ್ದುಹೋಗಿದೆ. ಇಂಥ ವ್ಯತ್ಯಾಸಕ್ಕೆ ಬ್ರೇಕ್ ಅಂತ ಹೆಸರು. ಅದು ಎಲ್ಲಿ ಬಂತು ಅಂತ ಹುಡುಕುವುದು, ಸಂಬಂಧಪಟ್ಟವರಿಗೆ ಮೇಲ್ ಹಾಕುವುದು, ಉತ್ತರ ಬರದಿದ್ದರೆ ಬೆನ್ನು ಹತ್ತುವುದು, ಮುಚ್ಚುವವರೆಗೂ ಬಿಡದಿರುವುದು. ಹೊಸಬರ ಮೊದಲ ವರ್ಷ ಬಹುಪಾಲು ಇದರಲ್ಲೇ ಹೋಗುತ್ತದೆ. ಎಕ್ಸೆಲ್ ಚೆನ್ನಾಗಿ ಬರಬೇಕು. ಅದಕ್ಕಿಂತ ಜಾಸ್ತಿ ಚೆನ್ನಾಗಿ ಬರಬೇಕಾದ್ದು ಸಣ್ಣ, ಸ್ಪಷ್ಟ ಮೇಲ್ ಬರೆಯುವುದು.

ಗೋಡಂಬಿ ಕಂಪನಿ ಡಿವಿಡೆಂಡ್ ಘೋಷಿಸಿದರೆ, ಬೋನಸ್ ಶೇರು ಕೊಟ್ಟರೆ, ಶೇರನ್ನು ಒಡೆದರೆ ಅದು ಕಾರ್ಪೊರೇಟ್ ಆ್ಯಕ್ಷನ್ಸ್ ತಂಡದ ಪಾಲು. ರೆಕಾರ್ಡ್ ಡೇಟ್‌ನ ದಿನ ಯಾರ ಹೆಸರಿನಲ್ಲಿ ಎಷ್ಟಿತ್ತು, ಯಾರಿಗೆ ಎಷ್ಟು ಸಲ್ಲಬೇಕು ಅಂತ ನೋಡುವುದು. ಕೇಳಲು ಸುಲಭ. ಸರಿಯಾಗಿ ಆ ದಿನಗಳಲ್ಲೇ ಶೇರು ಕೈ ಬದಲಾಗುತ್ತಿದ್ದರೆ ತಲೆ ಕೆಡುತ್ತದೆ. ಹೊಸ ಗ್ರಾಹಕರ ಕೆವೈಸಿ ಇನ್ನೊಂದು ದೊಡ್ಡ ತಂಡ. ನಮ್ಮ ಬ್ರಾಂಚಿನ ಕೆವೈಸಿ ಥರ ಆಧಾರ್, ಪಾನ್ ಕೊಟ್ಟರೆ ಮುಗಿಯುವುದಿಲ್ಲ. ಯಾವುದೋ ದ್ವೀಪದಲ್ಲಿ ನೋಂದಣಿಯಾದ ಫಂಡಿನ ಹಿಂದೆ ನಿಜವಾದ ಮಾಲೀಕರು ಯಾರು, ಅವರ ಹೆಸರು ಯಾವುದಾದರೂ ನಿರ್ಬಂಧದ ಪಟ್ಟಿಯಲ್ಲಿ ಇದೆಯೇ ಅಂತ ಅಗೆಯಬೇಕು. ಪತ್ತೇದಾರಿ ಮನಸ್ಸಿನವರಿಗೆ ಹಿಡಿಸುವ ಕೆಲಸ.

ಬ್ಯಾಕ್ ಆಫೀಸ್ ಅಂದರೆ ಗುಮಾಸ್ತೆ ಕೆಲಸ ಅಂತ ಮೂಗು ಮುರಿಯುವವರು ಇದ್ದಾರೆ. ನನಗೆ ಆ ಮಾತು ಒಪ್ಪಿಗೆ ಇಲ್ಲ. 2020ರ ಆಗಸ್ಟ್‌ನಲ್ಲಿ ಸಿಟಿ ಬ್ಯಾಂಕ್ ಅಮೆರಿಕದ ರೆವ್ಲಾನ್ ಕಂಪನಿಗೆ ಸಾಲ ಕೊಟ್ಟವರಿಗೆ ಸುಮಾರು 7.8 ಮಿಲಿಯನ್ ಡಾಲರ್ ಬಡ್ಡಿ ಕಳಿಸಬೇಕಿತ್ತು. ಹೋದದ್ದು ಹತ್ತಿರ ಹತ್ತಿರ 900 ಮಿಲಿಯನ್ ಡಾಲರ್. ಅಸಲೂ ಸೇರಿ ಹೊರಟುಹೋಯಿತು! ಸಾಫ್ಟ್‌ವೇರ್‌ನ ಒಂದು ಪರದೆಯಲ್ಲಿ ಟಿಕ್ ಮಾಡಬೇಕಾದ ಎಲ್ಲ ಚೌಕಗಳನ್ನು ಟಿಕ್ ಮಾಡಿರಲಿಲ್ಲ. ಮೂರು ಜನ ನೋಡಿ ಒಪ್ಪಿಗೆ ಕೊಟ್ಟಿದ್ದರು. ಮೂವರಲ್ಲಿ ಇಬ್ಬರು ಭಾರತದಲ್ಲಿ ಕೂತು ಕೆಲಸ ಮಾಡುತ್ತಿದ್ದ ಗುತ್ತಿಗೆ ಕಂಪನಿಯ ನೌಕರರು. ಸುಮಾರು 500 ಮಿಲಿಯನ್ ವಾಪಸ್ ಕೊಡಲು ಕೆಲವರು ಒಪ್ಪದೆ ಕೋರ್ಟಿಗೆ ಹೋಯಿತು. 2021ರಲ್ಲಿ ಸಿಟಿ ಸೋತಿತು, 2022ರಲ್ಲಿ ಮೇಲ್ಮನವಿಯಲ್ಲಿ ಗೆದ್ದಿತು. ಒಬ್ಬರು ನಮೂದಿಸಿ ಇನ್ನೊಬ್ಬರು ಪರಿಶೀಲಿಸುವ ಮೇಕರ್–ಚೆಕರ್ ಪದ್ಧತಿ ನಮ್ಮ ಬ್ಯಾಂಕಿನ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವುದೇ. ಚೆಕರ್ ಕಣ್ಣು ಮುಚ್ಚಿ ಒತ್ತಿದರೆ ಏನಾಗುತ್ತದೆ ಅಂತ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಟೆಕ್ನಾಲಜಿ ವಿಭಾಗವನ್ನು ಹಳೆಯ ಪುಸ್ತಕಗಳು ಬ್ಯಾಕ್ ಆಫೀಸಿಗೆ ಸೇರಿಸುತ್ತವೆ. ಈಗ ಹಾಗೆ ಹೇಳುವುದು ಕಷ್ಟ. ಟ್ರೇಡಿಂಗ್ ಡೆಸ್ಕಿನ ಪಕ್ಕದಲ್ಲೇ ಕೂತು ಬೆಲೆಯ ಲೆಕ್ಕಾಚಾರ ಬರೆಯುವ ಇಂಜಿನಿಯರುಗಳೂ ಇದ್ದಾರೆ. ಸುರತ್ಕಲ್, ಮಣಿಪಾಲ, ನಿಟ್ಟೆಯ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಆಫರ್ ಬಂದಾಗ ಕೇಳಬೇಕಾದ್ದು ಇಷ್ಟೇ: ನಾನು ಬರೆಯುವ ಕೋಡ್ ಬಳಸುವವರು ಯಾರು, ಟ್ರೇಡರೋ, ರಿಸ್ಕಿನವರೋ, ಸೆಟಲ್‌ಮೆಂಟಿನವರೋ?

ಹಂತ 5: ಕೆಲಸದ ವಿವರಣೆಯಲ್ಲಿರುವ ಪದಗಳನ್ನು ಹಿಡಿಯಿರಿ

ಜಾಬ್ ಪೋಸ್ಟಿನ ಮೇಲ್ಗಡೆ ದಪ್ಪಕ್ಷರದಲ್ಲಿ ಏನಿದೆ ಅಂತ ಓದಬೇಡಿ, ಕೆಳಗಿನ ಸಾಲುಗಳನ್ನು ಓದಿ. ಸೆಟಲ್‌ಮೆಂಟ್ಸ್, ರೆಕನ್ಸಿಲಿಯೇಷನ್, ಕನ್ಫರ್ಮೇಷನ್ಸ್, ಕಾರ್ಪೊರೇಟ್ ಆ್ಯಕ್ಷನ್ಸ್, ಕೊಲ್ಯಾಟರಲ್, ಸ್ವಿಫ್ಟ್, ಕ್ಲೈಂಟ್ ಆನ್‌ಬೋರ್ಡಿಂಗ್ ಅಂತ ಕಂಡರೆ ಬ್ಯಾಕ್ ಆಫೀಸ್. ಪಿ ಅಂಡ್ ಎಲ್, ವೇರಿಯನ್ಸ್, ಲಿಮಿಟ್ ಮಾನಿಟರಿಂಗ್, ವ್ಯಾಲ್ಯುಯೇಷನ್ ಕಂಟ್ರೋಲ್, ಟ್ರೇಡ್ ಸಪೋರ್ಟ್ ಅಂತ ಇದ್ದರೆ ಮಿಡಲ್. ಪಿಚ್‌ಬುಕ್ (ಗ್ರಾಹಕರ ಮುಂದೆ ಇಡುವ ಪ್ರಸ್ತಾವನೆಯ ಪುಸ್ತಕ), ಫೈನಾನ್ಷಿಯಲ್ ಮಾಡೆಲಿಂಗ್, ಡೀಲ್, ಕ್ಲೈಂಟ್ ಮೀಟಿಂಗ್ ಅಂತ ಇದ್ದರೆ ಫ್ರಂಟ್ ಕಡೆಗೆ ವಾಲುತ್ತದೆ.

ವಾಲುತ್ತದೆ ಅಂದದ್ದಕ್ಕೆ ಕಾರಣ ಉಂಟು. ನ್ಯೂಯಾರ್ಕ್, ಲಂಡನ್‌ನ ಬ್ಯಾಂಕರುಗಳಿಗೆ ಬೇಕಾದ ಪಿಚ್‌ಬುಕ್ಕಿನ ಪುಟಗಳು, ಕಂಪನಿಗಳ ಹೋಲಿಕೆ ಪಟ್ಟಿ, ಮಾಡೆಲ್‌ಗಳನ್ನು ಬೆಂಗಳೂರಿನಲ್ಲಿ ಕೂತು ತಯಾರಿಸುವ ತಂಡಗಳು ಇವೆ. ಕೆಲಸ ಫ್ರಂಟ್ ಆಫೀಸಿನದೇ, ಕಲಿಯಲಿಕ್ಕೂ ಬಹಳ ಸಿಗುತ್ತದೆ. ಆದರೆ ಗ್ರಾಹಕರ ಮುಖ ನೋಡುವ ಅವಕಾಶ ಕಡಿಮೆ, ಸಂಬಳವೂ ಮುಂಬೈಯ ಬ್ಯಾಂಕರ್‌ಗೆ ಕೊಡುವಷ್ಟು ಇರುವುದಿಲ್ಲ. ಭಾರತದ ಕಂಪನಿಗಳ ಐಪಿಒ, ವಿಲೀನ ಮಾಡಿಸುವ ಫ್ರಂಟ್ ಆಫೀಸ್ ಹೆಚ್ಚಾಗಿ ಇರುವುದು ಮುಂಬೈಯಲ್ಲಿ.

ಇನ್ನೊಂದು ಗೊಂದಲ ಹುದ್ದೆಯ ಹೆಸರಿನದ್ದು. ಅನಲಿಸ್ಟ್, ಅಸೋಸಿಯೇಟ್, ವೈಸ್ ಪ್ರೆಸಿಡೆಂಟ್, ಡೈರೆಕ್ಟರ್, ಮ್ಯಾನೇಜಿಂಗ್ ಡೈರೆಕ್ಟರ್. ಈ ಏಣಿ ಮೂರೂ ಆಫೀಸುಗಳಲ್ಲಿ ಸುಮಾರು ಒಂದೇ. ರೆಕಾನ್ ಮಾಡುವವರೂ ಅನಲಿಸ್ಟ್, ವಿಲೀನದ ಲೆಕ್ಕ ಹಾಕುವವರೂ ಅನಲಿಸ್ಟ್. ವೈಸ್ ಪ್ರೆಸಿಡೆಂಟ್ ಅಂದರೆ ಅಧ್ಯಕ್ಷರ ನಂತರದ ಸ್ಥಾನ ಅಲ್ಲ, ಒಂದೊಂದು ಬ್ಯಾಂಕಿನಲ್ಲಿ ಸಾವಿರಗಟ್ಟಲೆ ಇರುತ್ತಾರೆ. ಜಾತಕ ತೋರಿಸುವಾಗ ಇದನ್ನು ಹೇಳಿ ಮಂಕಾಗಿಸಬೇಕೋ ಬೇಡವೋ ಅದು ನಿಮಗೆ ಬಿಟ್ಟದ್ದು.

ಹಂತ 6: ಸಂದರ್ಶನದ ಕೊನೆಗೆ ಕೇಳಿ

"ನಿಮಗೇನಾದರೂ ಕೇಳಲಿಕ್ಕಿದೆಯೇ?" ಅಂತ ಅವರು ಕೇಳುತ್ತಾರೆ. ನಮ್ಮವರು ಸಂಕೋಚದಿಂದ "ಏನಿಲ್ಲ ಸರ್" ಅಂದು ಎದ್ದು ಬರುತ್ತಾರೆ. ಹಾಗೆ ಬರಬೇಡಿ. ನನ್ನ ಕೆಲಸ ತಡವಾದರೆ ಮೊದಲು ಫೋನ್ ಮಾಡುವವರು ಯಾರು ಅಂತ ಕೇಳಿ. ಗ್ರಾಹಕ ಅಂದರೆ ಫ್ರಂಟ್. ಟ್ರೇಡರ್ ಅಂದರೆ ಹೆಚ್ಚಾಗಿ ಮಿಡಲ್. ಕಸ್ಟೋಡಿಯನ್ನೋ ಬೇರೆ ಬ್ಯಾಂಕಿನ ಆಪರೇಷನ್ಸೋ ಅಂದರೆ ಬ್ಯಾಕ್. ತಂಡದಲ್ಲಿ ಇದ್ದವರು ಎರಡು ಮೂರು ವರ್ಷದ ಮೇಲೆ ಎಲ್ಲಿಗೆ ಹೋದರು ಅಂತಲೂ ಕೇಳಿ. ಅದಕ್ಕೆ ಸಿಗುವ ಉತ್ತರ ಉಳಿದೆಲ್ಲ ಉತ್ತರಗಳಿಗಿಂತ ಮುಖ್ಯ.

ಒಂದು ಎಚ್ಚರಿಕೆ: ಗಡಿ ಎಲ್ಲ ಬ್ಯಾಂಕಿನಲ್ಲೂ ಒಂದೇ ಕಡೆ ಇರುವುದಿಲ್ಲ. ಒಂದು ಕಡೆ ಮಿಡಲ್ ಎಂದು ಕರೆಯುವ ಟ್ರೇಡ್ ಸಪೋರ್ಟ್ ಇನ್ನೊಂದು ಕಡೆ ಆಪರೇಷನ್ಸ್. ಹೆಸರಿನ ಬಗ್ಗೆ ವಾದ ಮಾಡಿ ಪ್ರಯೋಜನ ಇಲ್ಲ, ದಿನದ ಕೆಲಸ ಏನು ಅಂತ ಕೇಳಿ.

ಹಂತ 7: ಕೋರ್ಸಿಗೆ ಹಣ ಕಟ್ಟುವ ಮುಂಚೆ

"ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ ಕೋರ್ಸ್, ನೂರಕ್ಕೆ ನೂರು ಪ್ಲೇಸ್‌ಮೆಂಟ್" ಎಂಬ ಜಾಹೀರಾತು ನೋಡಿರುತ್ತೀರಿ. ಸಿಲಬಸ್ ತೆರೆದು ನೋಡಿ. ಸೆಟಲ್‌ಮೆಂಟ್, ರೆಕಾನ್, ಕೆವೈಸಿ ಅಂತ ತುಂಬಿದ್ದರೆ ಅದು ಆಪರೇಷನ್ಸ್ ಕೋರ್ಸ್. ಅದರಲ್ಲಿ ತಪ್ಪೇನಿಲ್ಲ, ಆದರೆ ಎಂ ಅಂಡ್ ಎ ಬ್ಯಾಂಕರ್ ಆಗುವ ಆಸೆಯಲ್ಲಿ ಲಕ್ಷ ರೂಪಾಯಿ ಸಾಲ ಮಾಡಬೇಡಿ. ಹಿಂದಿನ ಬ್ಯಾಚಿನವರಿಗೆ ಯಾವ ಹುದ್ದೆ ಸಿಕ್ಕಿತು, ಕೈಗೆ ಬರುವ ಸಂಬಳ ಎಷ್ಟು ಅಂತ ಆ ಹುಡುಗರ ಬಾಯಿಂದಲೇ ಕೇಳಿ.

ಕಡಿಮೆ ಖರ್ಚಿನ ದಾರಿ ಎನ್‌ಐಎಸ್‌ಎಂ ಪರೀಕ್ಷೆಗಳು. ಸೆಬಿ ಸ್ಥಾಪಿಸಿದ ಸಂಸ್ಥೆ ಅದು. ಆಪರೇಷನ್ಸ್ ಆಸೆ ಇರುವವರಿಗೆ ಸೀರೀಸ್ 7, ಅಂದರೆ ಸೆಕ್ಯುರಿಟೀಸ್ ಆಪರೇಷನ್ಸ್ ಅಂಡ್ ರಿಸ್ಕ್ ಮ್ಯಾನೇಜ್‌ಮೆಂಟ್. ಮರ್ಚೆಂಟ್ ಬ್ಯಾಂಕಿಂಗ್ ಕಡೆ ಹೋಗುವವರಿಗೆ ಸೀರೀಸ್ 9. ರಿಸರ್ಚ್‌ಗೆ ಸೀರೀಸ್ 15. ಓದುವ ಪುಸ್ತಕ ಅವರೇ ಕೊಡುತ್ತಾರೆ. ರಿಸ್ಕ್ ಕಡೆಗೆ ಎಫ್‌ಆರ್‌ಎಂ, ಎರಡು ಭಾಗದ ಪರೀಕ್ಷೆ. ರಿಸರ್ಚ್, ಹೂಡಿಕೆ ಕಡೆಗೆ ಸಿಎಫ್‌ಎ, ಮೂರು ಹಂತ. ಬ್ಯಾಕ್ ಆಫೀಸಿನಿಂದ ಮಿಡಲ್‌ಗೆ ಬ್ಯಾಂಕಿನ ಒಳಗಿಂದಲೇ ದಾಟಿದವರು ತುಂಬಾ ಜನ ಇದ್ದಾರೆ. ಅಲ್ಲಿಂದ ಫ್ರಂಟ್‌ಗೆ ದಾಟುವವರು ಕಡಿಮೆ. ದಾಟಿದವರಲ್ಲಿ ಹೆಚ್ಚಿನವರು ನಡುವೆ ಒಳ್ಳೆಯ ಕಾಲೇಜಿನ ಎಂಬಿಎ ಅಥವಾ ಸಿಎಫ್‌ಎ ಮಾಡಿದವರು. ಆಪರೇಷನ್ಸ್ ಸೇರಿದರೆ ಎರಡು ವರ್ಷದಲ್ಲಿ ತಾನಾಗಿ ಬ್ಯಾಂಕರ್ ಆಗುತ್ತೇನೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಕಾಸಿಲ್ಲದೆ ಮಾಡಬಹುದಾದ ಒಂದು ಅಭ್ಯಾಸವೂ ಇದೆ. ಸೆಬಿ ವೆಬ್‌ಸೈಟಿನಲ್ಲಿ ಯಾವುದಾದರೂ ಕಂಪನಿಯ ಡಿಆರ್‌ಎಚ್‌ಪಿ ತೆರೆಯಿರಿ. ಎಲ್ಲರಿಗೂ ಮುಕ್ತ. ಮುಖಪುಟದಲ್ಲೇ ಲೀಡ್ ಮ್ಯಾನೇಜರುಗಳ, ಅಂದರೆ ಐಪಿಒ ನಡೆಸುವ ಮರ್ಚೆಂಟ್ ಬ್ಯಾಂಕರುಗಳ ಹೆಸರು, ರಿಜಿಸ್ಟ್ರಾರ್ ಹೆಸರು ಇರುತ್ತದೆ. ಒಳಗೆ ಜನರಲ್ ಇನ್ಫರ್ಮೇಷನ್ ಭಾಗಕ್ಕೆ ಹೋಗಿ. ಒಂದಕ್ಕಿಂತ ಹೆಚ್ಚು ಬ್ಯಾಂಕ್ ಇದ್ದರೆ ಯಾವ ಕೆಲಸ ಯಾರದ್ದು ಅಂತ ಪಟ್ಟಿ ಕೊಟ್ಟಿರುತ್ತಾರೆ. ದಾಖಲೆ ಪರಿಶೀಲನೆ, ರೋಡ್‌ಶೋ, ಬೆಲೆ ನಿಗದಿ, ಕೊನೆಗೆ ಶೇರು ಹಂಚಿಕೆ, ಹಣ ಬಿಡುಗಡೆ, ಲಿಸ್ಟಿಂಗ್. ಐಪಿಒ ಮುಚ್ಚಿದ ಮೂರನೇ ಕೆಲಸದ ದಿನಕ್ಕೆ ಲಿಸ್ಟ್ ಆಗಬೇಕು ಅನ್ನುವುದು 2023ರ ಡಿಸೆಂಬರ್‌ನಿಂದ ಕಡ್ಡಾಯ. ಈ ಪಟ್ಟಿಯ ಸಾಲುಗಳಲ್ಲಿ ಯಾವುದು ಗ್ರಾಹಕರ ಎದುರಿನ ಕೆಲಸ, ಯಾವುದು ತೆರೆಮರೆಯದ್ದು ಅಂತ ನೀವೇ ಪೆನ್ಸಿಲ್‌ನಲ್ಲಿ ಗುರುತು ಹಾಕಿ.

ಹಂತ 8: ಗಡಿಯಾರ ಮತ್ತು ರಜಾಪಟ್ಟಿ

ಇದು ಕೊನೆಗೆ ನೆನಪಾಗುತ್ತದೆ, ಮೊದಲು ಕೇಳಬೇಕಾದ್ದು ಇದನ್ನೇ. ಲಂಡನ್ ಶೇರುಪೇಟೆ ನಮ್ಮ ಗಂಟೆಯಲ್ಲಿ ಚಳಿಗಾಲದಲ್ಲಿ ಮಧ್ಯಾಹ್ನ ಒಂದೂವರೆಯಿಂದ ರಾತ್ರಿ ಹತ್ತರವರೆಗೆ. ಬೇಸಿಗೆಯಲ್ಲಿ ಒಂದು ಗಂಟೆ ಮುಂಚೆ. ನ್ಯೂಯಾರ್ಕ್ ಪೇಟೆ ಚಳಿಗಾಲದಲ್ಲಿ ರಾತ್ರಿ ಎಂಟಕ್ಕೆ ತೆರೆದು ಎರಡೂವರೆಗೆ ಮುಚ್ಚುತ್ತದೆ. ನಿಮ್ಮ ತಂಡ ಯಾವ ಪೇಟೆಗೆ ಕೆಲಸ ಮಾಡುತ್ತದೋ ನಿಮ್ಮ ಶಿಫ್ಟ್ ಅದರ ಹಿಂದೆ ಹೋಗುತ್ತದೆ. ಫ್ರಂಟ್ ಆಫೀಸಿನ ಡೀಲ್ ತಂಡಕ್ಕೆ ಶಿಫ್ಟೇ ಇಲ್ಲ, ಕೆಲಸ ಮುಗಿದಾಗ ಮನೆ. ರಾತ್ರಿ ಕ್ಯಾಬ್ ಇದೆಯೇ, ಶಿಫ್ಟ್ ಭತ್ಯೆ ಎಷ್ಟು, ವಾರದಲ್ಲಿ ಎಷ್ಟು ದಿನ ಆಫೀಸಿಗೆ ಬರಬೇಕು, ಇದನ್ನೆಲ್ಲ ಬರಹದಲ್ಲಿ ತೆಗೆದುಕೊಳ್ಳಿ.

ರಜೆಯೂ ಹಾಗೇ. ಸೆಟಲ್‌ಮೆಂಟ್ ತಂಡಗಳಿಗೆ ಹೆಚ್ಚಾಗಿ ಪೇಟೆ ಇರುವ ದೇಶದ ರಜೆಯೇ ಲೆಕ್ಕ. ಗುಡ್ ಫ್ರೈಡೇಗೆ ಲಂಡನ್ ಮುಚ್ಚಿರುತ್ತದೆ, ಚೌತಿಗೆ ತೆರೆದಿರುತ್ತದೆ. ಉಡುಪಿಯ ಅಷ್ಟಮಿ ಬೆಂಗಳೂರಿನ ರಜಾಪಟ್ಟಿಗೇ ಎಷ್ಟೋ ಸಲ ಹೊಂದುವುದಿಲ್ಲ, ಇನ್ನು ಲಂಡನ್‌ನದ್ದಕ್ಕೆ ಎಲ್ಲಿ! ವಿಟ್ಲಪಿಂಡಿಗೆ ಊರಿನಲ್ಲಿ ಇರಲೇಬೇಕು ಅನ್ನುವವರು ಎಚ್‌ಆರ್ ಹತ್ತಿರ ಎರಡು ವಿಷಯ ಕೇಳಿಕೊಳ್ಳಿ: ನನ್ನ ತಂಡಕ್ಕೆ ಯಾವ ದೇಶದ ರಜಾಪಟ್ಟಿ, ಮತ್ತು ಆ ದಿನ ರಜೆ ಹಾಕಿದರೆ ನನ್ನ ಕೆಲಸಕ್ಕೆ ಚೆಕರ್ ಯಾರು.